ಮುಚ್ಚಿದ ಎರಡು ಬಾಗಿಲು, ತೆರೆದ ಒಂದು ಕಿಟಕಿ: ಕಾರ್ಖಾನೆಯ ಅನಿಲ ಒಲೆಗಳ ಸುರಕ್ಷೆಯ ಬಗ್ಗೆ

ಕೋಠಿಯ ಬ್ಯಾಂಕ್ ಸ್ಟ್ರೀಟಿನಿಂದ ಟ್ರೂಪ್ ಬಜಾರಿನ ಕಡೆಗೆ ಹೋದರೆ ವಿದ್ಯುತ್ ಸಾಮಗ್ರಿಗಳ ಅಂಗಡಿಗಳು ಸಾಲುಗಟ್ಟಿ ನಿಂತಿರುತ್ತವೆ. ಅಲ್ಲಿ ಮಾರುವ ರಿಲೇ, ಕಾಂಟ್ಯಾಕ್ಟರ್, ಪುಶ್ ಬಟನ್ ಮೊದಲಾದ ಸಾಧನಗಳ ಮೈಮೇಲೆ ‘ಎನ್.ಓ.’ ಮತ್ತು ‘ಎನ್.ಸಿ.’ ಎಂಬ ಎರಡು ಗುರುತುಗಳನ್ನು ಕಾಣಬಹುದು. ಮೊದಲನೆಯದು ‘ನಾರ್ಮಲಿ ಓಪನ್’, ಎಂದರೆ ಸಹಜ ಸ್ಥಿತಿಯಲ್ಲಿ ತೆರೆದಿರುವುದು. ಎರಡನೆಯದು ‘ನಾರ್ಮಲಿ ಕ್ಲೋಸ್ಡ್’, ಎಂದರೆ ಸಹಜ ಸ್ಥಿತಿಯಲ್ಲಿ ಮುಚ್ಚಿರುವುದು. ಸಹಜ ಸ್ಥಿತಿ ಎಂಬ ಮಾತಿಗೆ ಇಲ್ಲಿ ವಿಶೇಷಾರ್ಥವಿದೆ. ವಿದ್ಯುತ್ತಿನ ನೆರವಿಲ್ಲದಾಗ, ಯಾರ ಕೈಯೂ ಸೋಕದಿರುವಾಗ, ಆ ಸಾಧನವು ತಾನಾಗಿ ಹೇಗೆ ನಿಲ್ಲುತ್ತದೆಯೋ ಅದೇ ಅದರ ಸಹಜ ಸ್ಥಿತಿ.

ಇವೇ ಎರಡು ಗುರುತುಗಳು ಕಾರ್ಖಾನೆಗಳ ಅನಿಲ ಕೊಳವೆಗಳ ಮೇಲಿನ ವಾಲ್ವ್‌ಗಳಲ್ಲೂ, ಅಂದರೆ ಕವಾಟಗಳಲ್ಲೂ ಇರುತ್ತವೆ. ಸ್ಫೋಟಕ ಅನಿಲ ಹರಿಯುವ ಕೊಳವೆಯಲ್ಲಿ ಸಹಜವಾಗಿ ಮುಚ್ಚಿಕೊಳ್ಳುವ ಕವಾಟವಿರುವುದು ಯಾರಿಗೂ ಅರ್ಥವಾಗುವ ಸಂಗತಿ. ಆದರೆ ಅದೇ ಕೊಳವೆಯಲ್ಲಿ ಸಹಜವಾಗಿ ತೆರೆದುಕೊಳ್ಳುವ ಕವಾಟವೊಂದನ್ನು ಬೇಕೆಂದೇ ಇರಿಸುವ ಪದ್ಧತಿಯೂ ಇದೆ. ಅದನ್ನು ವೆಂಟ್ ವಾಲ್ವ್ ಎನ್ನುತ್ತಾರೆ. ಅನಿಲವನ್ನು ಹೊರಕ್ಕೆ ಬಿಡುವ ಈ ಕವಾಟವು ಸುರಕ್ಷೆಯನ್ನು ಹೇಗೆ ಹೆಚ್ಚಿಸುತ್ತದೆ ಎಂಬುದನ್ನು ತಿಳಿಯುವುದೇ ಈ ಲೇಖನದ ಉದ್ದೇಶ.

ಇದು ಇಂಜಿನಿಯರುಗಳ ವಿಷಯ, ನಮಗೇಕೆ ಎಂದು ಓದುಗರು ಕೇಳಬಹುದು. ಗೇಲ್ ಮತ್ತು ಹಿಂದೂಸ್ತಾನ್ ಪೆಟ್ರೋಲಿಯಂ ಸಂಸ್ಥೆಗಳು ಸೇರಿ 2003ರಲ್ಲಿ ಸ್ಥಾಪಿಸಿದ ಭಾಗ್ಯನಗರ ಗ್ಯಾಸ್ ಲಿಮಿಟೆಡ್ ನಮ್ಮ ಹೈದರಾಬಾದಿನಲ್ಲಿ ಮನೆಗಳಿಗೂ ಉದ್ಯಮಗಳಿಗೂ ನೈಸರ್ಗಿಕ ಅನಿಲವನ್ನು ಕೊಳವೆಯ ಮೂಲಕ ಒದಗಿಸುತ್ತಿದೆ. ತವರುನಾಡಿನಲ್ಲಿಯೂ ದಾಭೋಲ್–ಬೆಂಗಳೂರು ಕೊಳವೆಮಾರ್ಗ 2013ರಲ್ಲಿ, ಕೊಚ್ಚಿ–ಮಂಗಳೂರು ಕೊಳವೆಮಾರ್ಗ 2021ರಲ್ಲಿ ಆರಂಭವಾದವು. ಔಷಧ ತಯಾರಿಕೆ, ಆಹಾರ ಸಂಸ್ಕರಣೆ, ಬಟ್ಟೆ ಒಗೆಯುವ ದೊಡ್ಡ ಘಟಕಗಳು, ಆಸ್ಪತ್ರೆಗಳು, ಹೋಟೆಲುಗಳು ಇವೆಲ್ಲಕ್ಕೂ ಬಿಸಿನೀರು, ಹಬೆ ಬೇಕೇ ಬೇಕು. ಜೀಡಿಮೆಟ್ಲ, ಬಾಲಾನಗರ, ಪಟಾನ್‌ಚೆರುವಿನ ಕಡೆ ಕೆಲಸಕ್ಕೆ ಹೋಗುವವರು, ಅಲ್ಲಿ ಸ್ವಂತ ಘಟಕ ನಡೆಸುವವರು ನಮ್ಮ ಕುಟುಂಬಗಳಲ್ಲೂ ಇದ್ದಾರೆ. ರಾತ್ರಿ ಪಾಳಿಗೆ ಹೋದ ಮಗ ಬೆಳಗ್ಗೆ ಮನೆಗೆ ಬರುವುದು ಈ ಸಣ್ಣ ಕವಾಟಗಳನ್ನು ಅವಲಂಬಿಸಿದೆ ಎಂದರೆ ಅತಿಶಯೋಕ್ತಿಯಲ್ಲ.

ಅಪಾಯ ಇರುವುದೆಲ್ಲಿ?

ಬಾಯ್ಲರ್ ಸ್ಫೋಟವೆಂದರೆ ಹಬೆಯ ಒತ್ತಡ ಮಿತಿಮೀರಿ ಲೋಹ ಸೀಳುವುದು ಎಂದೇ ನಾವೆಲ್ಲ ತಿಳಿದಿದ್ದೇವೆ. ಅದು ಒಂದು ಬಗೆ. ಕಲ್ಕತ್ತೆಯಲ್ಲಿ 1863ರಲ್ಲಿ ಅಂಥ ಸ್ಫೋಟ ಸಂಭವಿಸಿ ಜೀವಹಾನಿಯಾದ ಮೇಲೆಯೇ ನಮ್ಮ ದೇಶದಲ್ಲಿ ಬಾಯ್ಲರುಗಳ ತಪಾಸಣೆಗೆ ಕಾನೂನು ಮೂಡಿತು. ಮುಂದೆ 1923ರಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಬಾಯ್ಲರ್ ಕಾಯಿದೆ ಬಂದಿತು. ಅದರ ಸ್ಥಾನವನ್ನು ಈಗ 2025ರ ಹೊಸ ಕಾಯಿದೆ ಪಡೆದಿದೆ. ಈ ಕಾನೂನುಗಳ ಮುಖ್ಯ ಗಮನ ಒತ್ತಡವನ್ನು ಹೊರುವ ಭಾಗಗಳ ಮೇಲೆ.

ಎರಡನೆಯ ಬಗೆಯ ಸ್ಫೋಟ ನಡೆಯುವುದು ನೀರಿನ ಕಡೆಯಲ್ಲಿ ಅಲ್ಲ, ಬೆಂಕಿಯ ಕಡೆಯಲ್ಲಿ. ಬರ್ನರ್ ಉರಿಯುತ್ತಿರುವಾಗ ಬಂದ ಅನಿಲ ಬಂದಂತೆಯೇ ಸುಟ್ಟುಹೋಗುತ್ತದೆ, ಶೇಖರವಾಗುವುದಕ್ಕೆ ಅವಕಾಶವಿಲ್ಲ. ಬರ್ನರ್ ಆರಿರುವಾಗ ಅನಿಲ ಒಳಗೆ ಸೋರಿದರೆ ಮಾತ್ರ ಅದು ಗಾಳಿಯೊಡನೆ ಬೆರೆತು ಕಾಯುತ್ತ ಕೂರುತ್ತದೆ. ಆದ್ದರಿಂದ ಉರಿಯುತ್ತಿರುವ ಒಲೆಗಿಂತಲೂ ಆರಿದ ಒಲೆಯ ಬಗ್ಗೆಯೇ ಹೆಚ್ಚು ಎಚ್ಚರ ಬೇಕು.

ನೈಸರ್ಗಿಕ ಅನಿಲದ ಮುಖ್ಯ ಅಂಶ ಮೀಥೇನ್. ಗಾಳಿಯಲ್ಲಿ ಅದರ ಪ್ರಮಾಣ ಸುಮಾರು ಶೇಕಡಾ 5ರಿಂದ 15ರವರೆಗೆ ಇದ್ದಾಗ ಕಿಡಿ ಸೋಕಿದರೆ ಹೊತ್ತಿಕೊಳ್ಳುತ್ತದೆ. ಒಂದು ಸರಳ ಲೆಕ್ಕ ಮಾಡೋಣ. ಒಂದು ಬಾಯ್ಲರಿನ ಕುಲುಮೆಯ ಒಳ ಅಳತೆ 20 ಘನ ಮೀಟರ್ ಎಂದಿಟ್ಟುಕೊಳ್ಳಿ. ಅದರ ಶೇಕಡಾ 5 ಎಂದರೆ 1 ಘನ ಮೀಟರ್, ಅಂದರೆ 1000 ಲೀಟರ್ ಅನಿಲ. ಕವಾಟದ ಮೂಲಕ ನಿಮಿಷಕ್ಕೆ 2 ಲೀಟರಿನಂತೆ ಸೋರಿದರೆ ಅಷ್ಟು ತುಂಬಲು 500 ನಿಮಿಷ, ಎಂದರೆ 8 ಗಂಟೆ 20 ನಿಮಿಷ ಸಾಕು. ರಾತ್ರಿ ಒಂಬತ್ತಕ್ಕೆ ನಿಲ್ಲಿಸಿ ಬೆಳಗ್ಗೆ ಐದೂವರೆಗೆ ಮತ್ತೆ ಹೊತ್ತಿಸುವ ಬಾಯ್ಲರಿಗೆ ಇದು ಸರಿಯಾಗಿ ಒಂದು ರಾತ್ರಿಯ ಅವಧಿ. ಚಿಮಣಿಯ ಮೂಲಕ ಸ್ವಲ್ಪ ಹೊರಹೋಗಬಹುದು, ನಿಜ. ಆದರೆ ಅನಿಲ ಒಂದು ಮೂಲೆಯಲ್ಲಿ ಗುಂಪುಗೂಡಿದರೆ ಇಷ್ಟು ಹೊತ್ತೂ ಬೇಕಿಲ್ಲ. ಒಂದು ಘನ ಮೀಟರ್ ಮೀಥೇನಿನಲ್ಲಿ ಸುಮಾರು ಹತ್ತು ಯೂನಿಟ್ ವಿದ್ಯುತ್ತಿಗೆ ಸಮನಾದ ಶಕ್ತಿ ಅಡಗಿದೆ. ಮನೆಯೊಂದು ಒಂದೆರಡು ದಿನ ಬಳಸುವಷ್ಟು ಶಕ್ತಿ ಕಣ್ಣೆವೆ ಮುಚ್ಚುವಷ್ಟರಲ್ಲಿ ಹೊರಬಿದ್ದರೆ ಇಟ್ಟಿಗೆ, ಉಕ್ಕು ಯಾವುದೂ ತಡೆಯಲಾರವು. ಅಡುಗೆಮನೆಯಲ್ಲಿ ಸೋರಿಕೆಯಾದರೆ ಬೆರೆಸಿದ ವಾಸನೆ ನಮ್ಮನ್ನು ಎಚ್ಚರಿಸುತ್ತದೆ. ಮುಚ್ಚಿದ ಕುಲುಮೆಯೊಳಗೆ ವಾಸನೆ ಹಿಡಿಯಲು ಯಾರೂ ಇರುವುದಿಲ್ಲ.

ಇದು ಕೇವಲ ಕಾಗದದ ಲೆಕ್ಕವಲ್ಲ. ಅಮೆರಿಕದ ಮಿಶಿಗನ್ ರಾಜ್ಯದ ಡಿಯರ್‌ಬಾರ್ನ್‌ನಲ್ಲಿ ಫೋರ್ಡ್ ಕಂಪನಿಯ ರೂಜ್ ಕಾರ್ಖಾನೆ ಸಮುಚ್ಚಯಕ್ಕೆ ವಿದ್ಯುತ್ತು ಮತ್ತು ಹಬೆ ಒದಗಿಸುತ್ತಿದ್ದ ವಿದ್ಯುದಾಗಾರದಲ್ಲಿ 1999ರ ಫೆಬ್ರವರಿ 1ರಂದು ಇಂಥ ಸ್ಫೋಟ ಸಂಭವಿಸಿತು. ಆರನೆಯ ಸಂಖ್ಯೆಯ ಬಾಯ್ಲರನ್ನು ವಾರ್ಷಿಕ ತಪಾಸಣೆಗಾಗಿ ನಿಲ್ಲಿಸಲಾಗುತ್ತಿತ್ತು. ಅನಿಲದ ಕವಾಟವೊಂದು ತೆರೆದೇ ಉಳಿದುದರಿಂದ ಆರಿದ ಕುಲುಮೆಯೊಳಗೆ ಅನಿಲ ತುಂಬಿಕೊಂಡು ಹೊತ್ತಿಕೊಂಡಿತು. ಆರು ಮಂದಿ ಕಾರ್ಮಿಕರು ಪ್ರಾಣ ಕಳೆದುಕೊಂಡರು, ಹಲವರು ತೀವ್ರವಾಗಿ ಗಾಯಗೊಂಡರು. ಅದೇ ವರ್ಷ ಮಿಶಿಗನ್ ರಾಜ್ಯದೊಂದಿಗೆ ಕಂಪನಿ 70 ಲಕ್ಷ ಡಾಲರುಗಳ ಒಪ್ಪಂದಕ್ಕೆ ಬಂದಿತು. ಬಾಯ್ಲರ್ ಓಡುತ್ತಿದ್ದಾಗಲ್ಲ, ಅದನ್ನು ನಿಲ್ಲಿಸುತ್ತಿದ್ದಾಗ ಈ ಅನಾಹುತ ನಡೆಯಿತೆಂಬುದು ಗಮನಿಸಬೇಕಾದ ಅಂಶ.

ಎರಡು ಬೀಗಗಳ ನಿಯಮ

ಬ್ಯಾಂಕಿನ ಭದ್ರಕೋಣೆಯನ್ನು ಒಬ್ಬನೇ ಅಧಿಕಾರಿ ತೆರೆಯಲಾರ. ಎರಡು ಕೀಲಿಗಳು ಇಬ್ಬರ ವಶದಲ್ಲಿರುತ್ತವೆ. ಯಾರ ಮೇಲೂ ಅಪನಂಬಿಕೆಯಿಂದ ಮಾಡಿದ ವ್ಯವಸ್ಥೆಯಲ್ಲ ಅದು. ಒಂದೇ ಕಡೆ ಇಡೀ ಭಾರ ಬೀಳಬಾರದೆಂಬ ವಿವೇಕ. ಅನಿಲದ ಕೊಳವೆಗೂ ಇದೇ ನಿಯಮ. ಬರ್ನರಿಗೆ ಹೋಗುವ ಮುಖ್ಯ ಕೊಳವೆಯ ಮೇಲೆ ಒಂದರ ಹಿಂದೆ ಒಂದರಂತೆ ಎರಡು ಸುರಕ್ಷಾ ಕವಾಟಗಳಿರುತ್ತವೆ. ಎರಡೂ ಸಹಜವಾಗಿ ಮುಚ್ಚಿಕೊಳ್ಳುವಂಥವು. ವಿದ್ಯುತ್ ಇದ್ದಾಗ ಮಾತ್ರ ತೆರೆದಿರುತ್ತವೆ. ವಿದ್ಯುತ್ ಹೋದರೆ, ಜ್ವಾಲೆ ಆರಿದರೆ, ಅನಿಲದ ಒತ್ತಡ ಏರುಪೇರಾದರೆ ಒಳಗಿನ ಸ್ಪ್ರಿಂಗ್ ಅವನ್ನು ಕೂಡಲೇ ಮುಚ್ಚುತ್ತದೆ.

ಎರಡಿದ್ದರೆ ಸಾಲದೇ ಎನಿಸಬಹುದು. ಇಲ್ಲಿ ಭದ್ರಕೋಣೆಗೂ ಕೊಳವೆಗೂ ಇರುವ ವ್ಯತ್ಯಾಸವನ್ನು ನೋಡಬೇಕು. ಬೀಗ ಹಾಕಿದೆಯೋ ಇಲ್ಲವೋ ಕಣ್ಣಿಗೆ ಕಾಣುತ್ತದೆ. ಕವಾಟ ಮುಚ್ಚಿದಂತೆ ಕಂಡರೂ ಪೂರ್ತಿ ಮುಚ್ಚಿರುವುದಿಲ್ಲ. ಕೊಳವೆಯ ತುಕ್ಕಿನ ಪುಡಿ, ಬೆಸುಗೆಯ ಸಮಯದಲ್ಲಿ ಉಳಿದ ಲೋಹದ ಚೂರು ಕವಾಟದ ಬಾಯಲ್ಲಿ ಸಿಕ್ಕಿಕೊಂಡರೆ ಕೂದಲೆಳೆಯಷ್ಟು ಸಂದು ಉಳಿಯುತ್ತದೆ. ಅದೇ ಕೊಳವೆ, ಅದೇ ಅನಿಲ, ಅದೇ ಕಸ. ಆದ್ದರಿಂದ ಮೊದಲನೆಯದನ್ನು ಕೆಡಿಸಿದ ಕಾರಣವೇ ಎರಡನೆಯದನ್ನೂ ಕೆಡಿಸಬಹುದು. ಮೊದಲನೆಯ ಕವಾಟ ಸೋರತೊಡಗಿದರೆ ನಡುವಿನ ಜಾಗದಲ್ಲಿ ಅನಿಲ ತುಂಬಿ, ಸ್ವಲ್ಪ ಹೊತ್ತಿನಲ್ಲಿ ಅಲ್ಲಿಯೂ ಪೂರ್ಣ ಒತ್ತಡ ಏರುತ್ತದೆ. ಆಗ ಎರಡನೆಯ ಕವಾಟವೊಂದೇ ಇಡೀ ಭಾರವನ್ನು ಹೊತ್ತು ನಿಂತಿರುತ್ತದೆ. ಹೊರಗಿನಿಂದ ನೋಡುವವರಿಗೆ ಎರಡು ಬೀಗ, ವಾಸ್ತವದಲ್ಲಿ ಒಂದೇ.

ನಡುವಿನ ಕಿಟಕಿ

ವೆಂಟ್ ವಾಲ್ವಿಗೆ ಕೆಲಸವಿರುವುದು ಇಲ್ಲಿಯೇ. ಎರಡು ಕವಾಟಗಳ ನಡುವಿನ ಜಾಗದಿಂದ ಚಿಕ್ಕದೊಂದು ಕೊಳವೆಯನ್ನು ಕವಲೊಡೆಸಿ, ಛಾವಣಿಯ ಮೇಲಕ್ಕೆ, ಬಯಲಿನ ಗಾಳಿಗೆ ಒಯ್ಯುತ್ತಾರೆ. ಆ ಕವಲಿನ ಮೇಲೆ ಸಹಜವಾಗಿ ತೆರೆದುಕೊಳ್ಳುವ ಕವಾಟವಿರುತ್ತದೆ. ಬರ್ನರ್ ಉರಿಯುವಾಗ ಎರಡು ಮುಖ್ಯ ಕವಾಟಗಳು ತೆರೆದು, ವೆಂಟ್ ಮುಚ್ಚಿರುತ್ತದೆ. ಬರ್ನರ್ ನಿಂತೊಡನೆ ಎರಡು ಮುಖ್ಯ ಕವಾಟಗಳು ಮುಚ್ಚಿ, ವೆಂಟ್ ತೆರೆಯುತ್ತದೆ.

ಈಗ ಮೊದಲನೆಯ ಕವಾಟ ಸೋರಿದರೆ ಏನಾಗುತ್ತದೆ? ಅನಿಲ ನಡುವಿನ ಜಾಗಕ್ಕೆ ಬರುತ್ತದೆ. ಅಲ್ಲಿ ಎದುರಿಗೆ ಮುಚ್ಚಿದ ಕವಾಟ, ಪಕ್ಕದಲ್ಲಿ ತೆರೆದ ದಾರಿ. ಸುಲಭವಾದ ದಾರಿಯಲ್ಲಿ ಅದು ಆಕಾಶಕ್ಕೆ ಹೋಗುತ್ತದೆ. ನಡುವಿನ ಜಾಗದಲ್ಲಿ ಒತ್ತಡ ಏರುವುದೇ ಇಲ್ಲ. ಒತ್ತಡವಿಲ್ಲದ ಮೇಲೆ ಎರಡನೆಯ ಕವಾಟದಲ್ಲಿ ಸಂದಿದ್ದರೂ ಅದರ ಮೂಲಕ ಅನಿಲವನ್ನು ಕುಲುಮೆಗೆ ತಳ್ಳುವ ಶಕ್ತಿಯಿರುವುದಿಲ್ಲ. ಎರಡೂ ಮುಖ್ಯ ಕವಾಟಗಳು ಸ್ವಲ್ಪ ಸೋರುತ್ತಿದ್ದರೂ ಕುಲುಮೆಯನ್ನು ಕಾಪಾಡುವ ಗುಣ ಈ ವ್ಯವಸ್ಥೆಗಿದೆ. ಇದನ್ನು ‘ಡಬಲ್ ಬ್ಲಾಕ್ ಅಂಡ್ ಬ್ಲೀಡ್’ ಎಂದು ಕರೆಯುತ್ತಾರೆ.

ಹೊತ್ತಿಸುವ ಮುನ್ನ ಫ್ಯಾನ್ ಓಡಿಸಿ ಕುಲುಮೆಯ ಗಾಳಿಯನ್ನೆಲ್ಲ ಹಲವು ಬಾರಿ ಬದಲಾಯಿಸುವ ಕ್ರಮವೂ ಇದೆ. ಇದಕ್ಕೆ ಪರ್ಜ್ ಎನ್ನುತ್ತಾರೆ. ಅದಿದ್ದ ಮೇಲೆ ವೆಂಟ್ ಏಕೆ ಎಂಬ ಪ್ರಶ್ನೆ ಸಹಜ. ಪರ್ಜ್ ಕಾಪಾಡುವುದು ಹೊತ್ತಿಸುವ ಆ ಕ್ಷಣವನ್ನು ಮಾತ್ರ. ನಿಂತಿರುವ ಕುಲುಮೆಯಲ್ಲಿ ಕಾದ ಇಟ್ಟಿಗೆಯಿಂದಲೇ ಅನಿಲ ಹೊತ್ತಿಕೊಳ್ಳಬಹುದು. ರಿಪೇರಿಯವರು ದೀಪ ಹಿಡಿದು ಒಳಗೆ ಹೋಗಬಹುದು. ಆ ಹೊತ್ತಿಗೆ ಕಾವಲು ಬೇಕು.

ತೆರೆದಿರುವುದೇ ಏಕೆ ಸಹಜ?

ನಮ್ಮ ಪಕ್ಕದ ಕಾಚಿಗುಡದಿಂದ ಬೆಂಗಳೂರಿಗೆ ಹೋಗುವ ರೈಲನ್ನೇ ನೋಡಿ. ಅದರ ಬ್ರೇಕುಗಳು ಒತ್ತಡದ ಗಾಳಿಯಿಂದ ಕೆಲಸ ಮಾಡುತ್ತವೆ. ಕೊಳವೆಯಲ್ಲಿ ಗಾಳಿಯ ಒತ್ತಡ ಇರುವ ತನಕ ಬ್ರೇಕು ಸಡಿಲವಾಗಿರುತ್ತದೆ. ಒತ್ತಡ ಹೋದರೆ ಬ್ರೇಕು ತಾನಾಗಿ ಹಿಡಿಯುತ್ತದೆ. ನಡುವೆ ಬೋಗಿಯೊಂದು ಕಳಚಿಕೊಂಡರೆ ಚಾಲಕ ಏನೂ ಮಾಡದಿದ್ದರೂ ಗಾಡಿ ನಿಲ್ಲುತ್ತದೆ. ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ 1872ರಲ್ಲಿ ಈ ಸ್ವಯಂಚಾಲಿತ ಬ್ರೇಕಿಗೆ ಪೇಟೆಂಟ್ ಪಡೆದರು. ಕೆಟ್ಟಾಗ ಯಾವ ಕಡೆಗೆ ಬೀಳಬೇಕೆಂದು ಮೊದಲೇ ನಿಶ್ಚಯಿಸಿಡುವುದು ಇದರ ತತ್ತ್ವ.

ಮೂರು ಕವಾಟಗಳ ವ್ಯವಸ್ಥೆಯಲ್ಲೂ ಇದೇ ತತ್ತ್ವ. ಕರೆಂಟು ಹೋಯಿತು, ತಂತಿ ಕಡಿಯಿತು, ಕಾಯಿಲ್ ಸುಟ್ಟಿತು, ನೋಡಿಕೊಳ್ಳುವವ ಓಡಿಹೋದ. ಏನೇ ಆದರೂ ಸ್ಪ್ರಿಂಗುಗಳು ತಮ್ಮ ಕೆಲಸ ಮಾಡುತ್ತವೆ. ಎರಡು ಬಾಗಿಲು ಮುಚ್ಚುತ್ತವೆ, ಕಿಟಕಿ ತೆರೆಯುತ್ತದೆ. ಯಾರ ನೆನಪು, ಯಾರ ಧೈರ್ಯವೂ ಬೇಕಾಗಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ವಿದ್ಯುತ್ ಸಾಧನದಲ್ಲಿ ‘ಓಪನ್’ ಎಂದರೆ ಸಂಪರ್ಕ ಕಡಿದಿದೆ, ಕರೆಂಟು ಹರಿಯುವುದಿಲ್ಲ ಎಂದರ್ಥ. ಕವಾಟದಲ್ಲಿ ‘ಓಪನ್’ ಎಂದರೆ ದಾರಿ ತೆರೆದಿದೆ, ಅನಿಲ ಹರಿಯುತ್ತದೆ ಎಂದರ್ಥ. ಒಂದೇ ಪದಕ್ಕೆ ನೇರ ವಿರುದ್ಧವಾದ ಅರ್ಥಗಳು. ಎಲೆಕ್ಟ್ರಿಷಿಯನ್ ಒಂದು ಅರ್ಥದಲ್ಲಿ, ಫಿಟ್ಟರ್ ಇನ್ನೊಂದು ಅರ್ಥದಲ್ಲಿ ಮಾತನಾಡಿದರೆ ಕೆಟ್ಟ ವೆಂಟ್ ವಾಲ್ವಿನ ಜಾಗಕ್ಕೆ ಸಹಜವಾಗಿ ಮುಚ್ಚುವ ಕವಾಟ ಬಂದು ಕೂರಬಹುದು. ಹೊರನೋಟಕ್ಕೆ ಎರಡೂ ಒಂದೇ ರೀತಿ. ಆದ್ದರಿಂದ ಬಿಡಿಭಾಗ ತರಿಸುವಾಗ ಎರಡಕ್ಷರದ ಗುರುತನ್ನು ನೆಚ್ಚದೆ, ‘ಕರೆಂಟು ಇಲ್ಲದಾಗ ಅನಿಲ ಹೊರಹೋಗಬೇಕು’ ಎಂದು ಪೂರ್ಣ ವಾಕ್ಯದಲ್ಲಿ ಬರೆದುಕೊಡುವುದು ಒಳ್ಳೆಯದು.

ಕಿಟಕಿಗೂ ಕಾವಲು ಬೇಕು

ವೆಂಟ್ ವಾಲ್ವ್ ದೋಷವಿಲ್ಲದ ವಸ್ತುವೇನೂ ಅಲ್ಲ. ಅದರ ತುದಿ ಬಯಲಿನಲ್ಲಿರುವುದರಿಂದ ಮಳೆನೀರು ಇಳಿಯುತ್ತದೆ, ತುಕ್ಕು ಹಿಡಿಯುತ್ತದೆ, ಕಣಜಗಳು ಗೂಡು ಕಟ್ಟುತ್ತವೆ. ತುದಿಗೆ ಕೆಳಮುಖದ ಬಾಗು, ಜಾಲರಿ ಇಲ್ಲದಿದ್ದರೆ ಕೆಲವು ತಿಂಗಳಲ್ಲಿ ದಾರಿ ಮುಚ್ಚಿಹೋಗಬಹುದು. ಮುಚ್ಚಿದ್ದು ಯಾರಿಗೂ ತಿಳಿಯುವುದಿಲ್ಲ. ಬಾಯ್ಲರ್ ಎಂದಿನಂತೆ ಓಡುತ್ತಿರುತ್ತದೆ. ಇದಕ್ಕೆ ವಿರುದ್ಧವಾಗಿ, ಬರ್ನರ್ ಉರಿಯುವಾಗ ವೆಂಟ್ ಪೂರ್ತಿ ಮುಚ್ಚದಿದ್ದರೆ ಹಣ ಕೊಟ್ಟು ಕೊಂಡ ಅನಿಲ ಆಕಾಶದ ಪಾಲಾಗುತ್ತದೆ. ಛಾವಣಿಯ ಮೇಲೆ ‘ಸುಯ್’ ಎಂಬ ಸದ್ದು ಕೇಳಿ, ಗ್ಯಾಸ್ ಪೋಲಾಗುತ್ತಿದೆಯೆಂದು ತುದಿಗೆ ಬಿರಡೆ ಜಡಿದರೆ ತಪ್ಪಾದ ಕಡೆ ಮಿತವ್ಯಯ ಮಾಡಿದಂತೆ. ಬಾಯ್ಲರ್ ನಿಂತಿರುವಾಗ ಆ ಸದ್ದು ಬಂದರೆ ಮೊದಲನೆಯ ಕವಾಟ ಸೋರುತ್ತಿದೆ ಎಂದರ್ಥ. ರಿಪೇರಿಯಾಗಬೇಕಾದದ್ದು ಆ ಕವಾಟ.

ಹೊರಬಿಟ್ಟ ಅನಿಲ ಎಲ್ಲಿಗೆ ಹೋಗುತ್ತದೆ ಎಂಬುದೂ ಮುಖ್ಯ. ಮೀಥೇನ್ ಗಾಳಿಗಿಂತ ಹಗುರ. ಎತ್ತರದಲ್ಲಿ ಬಿಟ್ಟರೆ ಮೇಲೇರಿ ಚದುರುತ್ತದೆ. ಎಲ್.ಪಿ.ಜಿ. ಗಾಳಿಗಿಂತ ಭಾರ, ಇಳಿದು ಮೋರಿ, ನೆಲಮಾಳಿಗೆಗಳಲ್ಲಿ ಸೇರಿಕೊಳ್ಳುತ್ತದೆ. ಆದ್ದರಿಂದ ಎಲ್.ಪಿ.ಜಿ. ಬಳಸುವ ಘಟಕಗಳಲ್ಲಿ ವೆಂಟ್ ಇಡುವ ಮುನ್ನ ತಜ್ಞರ ಸಲಹೆ ಅಗತ್ಯ. ಗೋದಾವರಿ ಸೀಮೆಯ ನಗರಂ ಗ್ರಾಮದಲ್ಲಿ 2014ರ ಜೂನ್ 27ರ ಮುಂಜಾನೆ ಸಾಗಣೆ ಕೊಳವೆಯಿಂದ ಸೋರಿದ ಅನಿಲ ಜನವಸತಿಯ ನಡುವೆ ಹರಡಿ ಹೊತ್ತಿಕೊಂಡು ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತದ್ದನ್ನು ನಾವು ಮರೆತಿಲ್ಲ. ಅದು ವೆಂಟಿನ ಪ್ರಕರಣವಲ್ಲ, ಕೊಳವೆಯ ಸೋರಿಕೆ. ಆದರೂ ಹೊರಗೆ ಬಂದ ಮಾತ್ರಕ್ಕೆ ಅನಿಲ ನಿರಪಾಯವಾಗುವುದಿಲ್ಲ ಎಂಬ ಪಾಠ ಎರಡಕ್ಕೂ ಒಂದೇ. ವೆಂಟಿನ ತುದಿ ಕಿಟಕಿ, ಏಸಿ, ಫ್ಯಾನುಗಳಿಂದ ದೂರದಲ್ಲಿ, ಎತ್ತರದಲ್ಲಿ ಇರಬೇಕು. ಇದಲ್ಲದೆ ಮೀಥೇನ್ ಭೂಮಿಯ ತಾಪವನ್ನೂ ಏರಿಸುತ್ತದೆ. 20 ವರ್ಷಗಳ ಅವಧಿಯಲ್ಲಿ ನೋಡಿದರೆ ಅದರ ಪರಿಣಾಮ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿನ 80 ಪಟ್ಟಿಗಿಂತ ಹೆಚ್ಚು.

ಈ ಕಾರಣಗಳಿಂದ ಯೂರೋಪಿನ ದೇಶಗಳು ಬೇರೆ ದಾರಿಯನ್ನು ಹೆಚ್ಚಾಗಿ ಅನುಸರಿಸುತ್ತವೆ. ಅಲ್ಲಿ ವೆಂಟಿನ ಬದಲು ಕವಾಟಗಳನ್ನೇ ಪರೀಕ್ಷಿಸುವ ಸ್ವಯಂಚಾಲಿತ ಸಾಧನವಿರುತ್ತದೆ. ಅದು ಮೊದಲು ಎರಡು ಕವಾಟಗಳ ನಡುವಿನ ಜಾಗವನ್ನು ಖಾಲಿ ಮಾಡಿ ಕಾಯುತ್ತದೆ. ಒತ್ತಡ ಏರಿದರೆ ಮೊದಲನೆಯ ಕವಾಟ ಸೋರುತ್ತಿದೆ. ಆಮೇಲೆ ಆ ಜಾಗವನ್ನು ಅನಿಲದಿಂದ ತುಂಬಿ ಕಾಯುತ್ತದೆ. ಒತ್ತಡ ಇಳಿದರೆ ಎರಡನೆಯದು ಸೋರುತ್ತಿದೆ. ಎರಡರಲ್ಲಿ ಯಾವುದು ಕೆಟ್ಟಿದ್ದರೂ ಬರ್ನರ್ ಹೊತ್ತಿಕೊಳ್ಳದು. ಅಮೆರಿಕದ ಅಗ್ನಿ ಸುರಕ್ಷಾ ಸಂಘದ ನಿಯಮಗಳಲ್ಲಿಯೂ ಭೇದವಿದೆ. ದೊಡ್ಡ ಬಾಯ್ಲರುಗಳಿಗಾಗಿ ಇರುವ ಎನ್.ಎಫ್.ಪಿ.ಎ. 85 ನಿಯಮಾವಳಿಯಲ್ಲಿ ವೆಂಟಿನ ಪದ್ಧತಿ ಬೇರೂರಿದೆ. ಕೈಗಾರಿಕಾ ಕುಲುಮೆಗಳ ಎನ್.ಎಫ್.ಪಿ.ಎ. 86 ಅದನ್ನು ಕಡ್ಡಾಯಗೊಳಿಸುವುದಿಲ್ಲ.

ಯಾವುದು ಮೇಲು? ವೆಂಟನ್ನು ಹಗಲಿರುಳು ನಿಂತ ಕಾವಲುಗಾರನಿಗೆ, ಪರೀಕ್ಷಾ ಸಾಧನವನ್ನು ಲೆಕ್ಕ ಪರಿಶೋಧಕನಿಗೆ ಹೋಲಿಸಬಹುದು. ಕಾವಲುಗಾರ ಕಳ್ಳನನ್ನು ತಡೆಯುತ್ತಾನೆ, ಆದರೆ ಬೀಗ ಕೆಟ್ಟಿದೆಯೆಂದು ವರದಿ ಕೊಡುವುದಿಲ್ಲ. ಪರಿಶೋಧಕ ವರದಿ ಕೊಡುತ್ತಾನೆ, ಆದರೆ ರಾತ್ರಿ ಬಾಗಿಲಲ್ಲಿ ನಿಲ್ಲುವುದಿಲ್ಲ. ಎರಡರಲ್ಲಿ ಒಂದನ್ನು ಆರಿಸುವುದು ತಜ್ಞರಿಗೆ ಬಿಟ್ಟದ್ದು. ಎರಡೂ ಇಲ್ಲದಿರುವುದು ಮಾತ್ರ ಸಲ್ಲದು.

ಕೇಳಬೇಕಾದ ಪ್ರಶ್ನೆಗಳು

ಬಾಯ್ಲರ್ ಕೊಳ್ಳುವವರು ಕೊಟೇಶನ್ನಿನಲ್ಲಿ ಉಳಿತಾಯ ಹುಡುಕುವಾಗ ಕಣ್ಣಿಗೆ ಬೀಳುವುದು ‘ಹೆಚ್ಚುವರಿ’ ಎಂದು ನಮೂದಾದ ಇಂಥ ವಸ್ತುಗಳೇ. ಹಬೆಯ ಪ್ರಮಾಣ ಕಡಿಮೆಯಾದರೆ ಉತ್ಪಾದನೆ ಕುಂದುತ್ತದೆ. ಕವಾಟ ಕಡಿಮೆಯಾದರೆ ಮೊದಲ ದಿನ ಏನೂ ಕುಂದುವುದಿಲ್ಲ. ಸಾಲದ ಕಡತಗಳನ್ನು ನೋಡುವ ನಮ್ಮಂಥವರು ಯಂತ್ರದ ಬೆಲೆಯನ್ನು ಪರಿಶೀಲಿಸುವಂತೆಯೇ ಅದರ ಅನಿಲ ಕೊಳವೆಯ ನಕ್ಷೆಯನ್ನೂ ಕೇಳಿದರೆ ತಪ್ಪಲ್ಲ. ಯಂತ್ರವನ್ನು ನಡೆಸುವ ಜೀವಗಳು ಯಾವ ಅಡಮಾನ ಪತ್ರದಲ್ಲಿಯೂ ಸೇರುವುದಿಲ್ಲ.

ಘಟಕ ನಡೆಸುವವರು ತಮ್ಮಲ್ಲಿ ಕೇಳಿಕೊಳ್ಳಬಹುದಾದ ಪ್ರಶ್ನೆಗಳು ನಾಲ್ಕು. ಮುಖ್ಯ ಕೊಳವೆಯ ಮೇಲೆ ಎರಡು ಸುರಕ್ಷಾ ಕವಾಟಗಳಿವೆಯೇ? ನಡುವೆ ವೆಂಟ್ ಅಥವಾ ಪರೀಕ್ಷಾ ಸಾಧನ ಇದೆಯೇ? ವೆಂಟಿನ ತುದಿಯನ್ನು ಕಡೆಯ ಬಾರಿ ಯಾರು, ಯಾವಾಗ ಹತ್ತಿ ನೋಡಿದರು? ಕವಾಟಗಳ ಸೋರಿಕೆ ಪರೀಕ್ಷೆ ವರ್ಷಕ್ಕೊಮ್ಮೆಯಾದರೂ ಆಗಿದೆಯೇ? ಈ ಕೊನೆಯ ಪರೀಕ್ಷೆ ಬಲು ಸರಳ. ಬರ್ನರ್ ನಿಂತಿರುವಾಗ ಕವಾಟದ ಮುಂದಿನ ಪರೀಕ್ಷಾ ನಲ್ಲಿಗೆ ರಬ್ಬರ್ ನಳಿಕೆ ಸಿಕ್ಕಿಸಿ, ಅದರ ತುದಿಯನ್ನು ನೀರಿನ ಲೋಟದಲ್ಲಿ ಅದ್ದಿ, ನಿಮಿಷಕ್ಕೆ ಎಷ್ಟು ಗುಳ್ಳೆ ಬರುತ್ತದೆಂದು ತರಬೇತಿ ಪಡೆದವರು ಎಣಿಸುತ್ತಾರೆ. ತಯಾರಕರು ಹೇಳಿದ ಮಿತಿಗಿಂತ ಹೆಚ್ಚಾದರೆ ಕವಾಟ ಬದಲಾಗಬೇಕು. ಒಂದು ಲೋಟ ನೀರು, ಒಂದಿಷ್ಟು ತಾಳ್ಮೆ ಇದ್ದರೆ ಸಾಕು.

ಕೆಲಸಕ್ಕೆ ಹೋಗುವ ಮಕ್ಕಳಿಗೆ ಹೇಳಬೇಕಾದದ್ದು ಇನ್ನೂ ಚಿಕ್ಕದು. ಬರ್ನರ್ ಹೊತ್ತಿಕೊಳ್ಳದೆ ಮತ್ತೆ ಮತ್ತೆ ನಿಂತರೆ ಅದು ತೊಂದರೆ ಕೊಡುತ್ತಿದೆಯೆಂದು ತಂತಿ ಜೋಡಿಸಿ ಸುರಕ್ಷಾ ಸಾಧನವನ್ನು ದಾಟಿಸಬಾರದು. ಅದು ನಿಂತದ್ದು ಏನನ್ನೋ ಹೇಳುವುದಕ್ಕಾಗಿ. ಉತ್ಪಾದನೆ ಒಂದು ಗಂಟೆ ತಡವಾದರೆ ಮೇಲಿನವರ ಒಂದು ಮಾತು ಕೇಳಬೇಕಾದೀತು, ಅದನ್ನು ಸಹಿಸಬಹುದು.

ಮನೆಯ ಒಲೆಗೆ ಇಷ್ಟೆಲ್ಲ ಏರ್ಪಾಡು ಬೇಕಿಲ್ಲ. ಆದರೆ ರಾತ್ರಿ ಒಲೆಯ ಗುಂಡಿಯನ್ನು ತಿರುಗಿಸಿ, ರೆಗ್ಯುಲೇಟರನ್ನೂ ಮುಚ್ಚಿ, ಅಡುಗೆಮನೆಯಲ್ಲಿ ಗಾಳಿಯಾಡಲು ಬಿಟ್ಟು ಮಲಗುವ ಗೃಹಿಣಿ ಅನುಸರಿಸುವುದೂ ಇದೇ ಕ್ರಮ: ಎರಡು ಕಡೆ ಮುಚ್ಚು, ಒಂದು ಕಡೆ ತೆರೆದಿಡು. ನಮ್ಮ ಹಿರಿಯರು ಹೇಳಿ ಕಲಿಸಿದ ಈ ಅಭ್ಯಾಸವನ್ನು ಕಾರ್ಖಾನೆಯಲ್ಲಿ ಮೂರು ಸ್ಪ್ರಿಂಗುಗಳು ಪಾಲಿಸುತ್ತವೆ. ಅವು ಪಾಲಿಸುತ್ತಿವೆಯೇ ಎಂದು ಆಗಾಗ ಹೋಗಿ ನೋಡುವ ಹೊಣೆ ಮಾತ್ರ ಮನುಷ್ಯರದು.